ಮಂಜಿಗೆ ಉದುರಿದ ತೊಗರಿ ಹೂ

ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಔಷಧದಿಂದ ಆಗುವುದೇನಿಲ್ಲ, ಹೆಂಡತಿಯನ್ನು ಮನೆಗೆ ಕರೆದುಕೊಂಡು ಹೋಗಿ ಅಂದರು. ಅಂದಿನಿಂದ ನನಗೆ ಪ್ರಾರ್ಥನೆ ಬರಲಿಲ್ಲ. ಖೂಬಾ ಪ್ಲಾಟಿನ ನಮ್ಮ ಮನೆಯಲ್ಲಿ ಸಂಜೆ ಅವಳು ಕೈಜೋಡಿಸಿ ಕಾಯುತ್ತಿದ್ದಳು. ನಾನು "ಕರ್ತನೇ" ಅಂದು ನಿಂತುಬಿಡುತ್ತಿದ್ದೆ. ಗುಣಪಡಿಸು ಎನ್ನಲು ಧೈರ್ಯವಿಲ್ಲ, ನಿನ್ನ ಚಿತ್ತ ಎನ್ನಲು ಮನಸ್ಸಿಲ್ಲ. ಮಿಕ್ಕದ್ದನ್ನು ಅವಳೇ ಮುಗಿಸುತ್ತಿದ್ದಳು.

ಕಮಲಾಪುರದ ತವರಿಗೆ ಹೋಗಬೇಕು, ತೊಗರಿ ಹೂ ನೋಡಬೇಕು ಅಂದಳು. ಬೈಬಲಿನಲ್ಲಿ ಯೇಸುಸ್ವಾಮಿ, ದೇವರು ಇವಕ್ಕೂ ಉಡಿಸುತ್ತಾನೆ, ಚಿಂತೆ ಮಾಡಬೇಡಿ ಎಂದು ತೋರಿಸಿದ ಅಡವಿಯ ಹೂ ತೊಗರಿ ಹೂವೇ ಎಂದು ಅವಳ ಅವ್ವ ಹೇಳಿಕೊಟ್ಟಿದ್ದಳು. ಮದುವೆಯಾದ ಹೊಸದರಲ್ಲಿ ನಾನು ನಕ್ಕಿದ್ದೆ.

"ಇಸ್ರಾಯೇಲ್ ದೇಶದಾಗ ತೊಗರಿ ಎಲ್ಲಿಂದ ಬರಬೇಕು?"

"ನೀವು ಹೋಗಿ ನೋಡಿ ಬಂದೀರೇನ್ರೀ?"

ಕಮಲಾಪುರಕ್ಕೆ ಹೊರಟ ದಿನ, ದಾರಿಯಲ್ಲಿ ಕಪನೂರ ದಾಟುವಾಗ ಅವಳು ಕಾರಿನಲ್ಲಿ ನಿದ್ದೆ ಹೋಗಿದ್ದಳು ಎಂದು ನನ್ನ ನೆನಪು. ಅಲ್ಲಿನ ವರ್ಕ್‌ಶಾಪಿನ ಮುಂದೆ ಹಾರುವ ವೆಲ್ಡಿಂಗ್ ಕಿಡಿ ನೋಡಿ ಏನೋ ಹೇಳಿದ್ದೂ ನೆನಪಿದೆ. ಎರಡೂ ನಿಜವಾಗಿರಲಾರವು. ಎಚ್ಚರವಿದ್ದ ಅವಳನ್ನೇ ಮನಸ್ಸು ಆರಿಸಿಕೊಳ್ಳುತ್ತದೆ.

ಹೊಲದ ಬದುವಿನ ಮೇಲೆ ಅವಳ ತಮ್ಮ ಕುರ್ಚಿ ಹಾಕಿದ. ಅವನ ಮುಖ ಸಣ್ಣದಾಗಿತ್ತು.

"ಮೊನ್ನಿ ಮಂಜು ಬಿತ್ತು ಮಾಮಾ. ಅಕ್ಕಗ ತೋರಸ್ಬೇಕಂದ್ರ ಹೂ ಎಲ್ಲಾ ಉದುರ್ಯಾವ."

"ಎಲ್ಲಾ ಎಲ್ಲಿ ಉದುರ್ಯಾವ? ಅಳುಬುರುಕ. ಸಣ್ಣಾಂವ ಇದ್ದಾಗಿಂದ ಇಂವ ಹಿಂಗೇ ನೋಡ್ರಿ," ಅಂದಳು ಅವಳು.

ನನಗೆ ಸಿಟ್ಟು ಬಂತು. ಇದೊಂದನ್ನು ನೋಡಲು ಬಂದವಳಿಗೆ ಇದೂ ಇಲ್ಲವೇ? ಕಪ್ಪು ಮಣ್ಣಿನ ಮೇಲೆ ಹಳದಿ ಚೆಲ್ಲಿ ಬಿದ್ದಿತ್ತು.

"ನಿಮ್ಮ ಅಡವಿ ಹೂವಿನ ಗತಿ ನೋಡು," ಅಂದುಬಿಟ್ಟೆ.

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. "ಆ ವಚನ ಪೂರಾ ಓದೀರೇನು? ಇವತ್ತ ಇದ್ದು ನಾಳಿ ಒಲಿಗೆ ಹೋಗೋದು ಅಂತನೂ ಅದರಾಗ ಅದ. ಪಾಸ್ಟರ್ ಅಷ್ಟನ್ನ ಅವಸರದಾಗ ಓದಿಬಿಡ್ತಾರ." ಉಸಿರಿಗಾಗಿ ತಡೆದಳು. "ನಮ್ಮವ್ವ ತೊಗರಿ ಕಟಗಿ ಹಚ್ಚೇ ರೊಟ್ಟಿ ಮಾಡ್ತಿದ್ಳು. ನಮಗ ಆ ಒಲಿ ಗೊತ್ತದ. ಒಲಿಗೆ ಹೋಗ್ತದಂತ ಗೊತ್ತಿದ್ದೂ ದೇವರು ಇದಕ್ಕ ಇಷ್ಟು ಚಂದ ಉಡಿಸ್ಯಾನಲ್ಲ, ನನಗ ಅಷ್ಟು ಸಾಕು."

ಇಷ್ಟು ಜೋಡಿಸಿ ಹೇಳಿರಲಿಕ್ಕಿಲ್ಲ. ನಡುವೆ ನೀರು ಕೇಳಿದಳು, ಕೆಮ್ಮಿದಳು, ತಮ್ಮನನ್ನು ಗದರಿದಳು. ಮಾತನ್ನು ಹೀಗೆ ಹೊಂದಿಸಿದವನು ನಾನು. ಆದರೆ ಒಲೆಯ ಮಾತು ಅವಳದೇ. ನನಗೆ ಅದು ಹೊಳೆಯುವಂಥದ್ದಲ್ಲ. ಸುವಾರ್ತೆಯ ಆ ಭಾಗವನ್ನು ಎಷ್ಟೋ ಸಲ ಓದಿದ್ದೆ. ಹೂವಿಗೆ ಏನೂ ಆಗುವುದಿಲ್ಲ ಎಂದು ಅದು ಹೇಳಿದೆ ಅಂತಲೇ ತಿಳಿದಿದ್ದೆ.

ಗಿಡದಲ್ಲಿ ಉಳಿದ ಹೂಗಳಿಗೆ ಜೇನು ಮುತ್ತಿದ್ದವು. ಬಿಸಿಲು ಎಳೆಯದಿತ್ತು, ಗಾಳಿ ಇನ್ನೂ ತಣ್ಣಗಿತ್ತು. ಅವಳು ಕೈಜೋಡಿಸಿದಳು.

"ಈಗ ಪ್ರಾರ್ಥನಾ ಮಾಡ್ರಿ. ಇವತ್ತ ನಾ ಮುಗಸಂಗಿಲ್ಲ," ಅಂದಳು.

"ಕರ್ತನೇ," ಅಂದೆ. ನಿಂತೆ. ಚರ್ಚಿನ ಕನ್ನಡ ಮುಂದೆ ಬರಲಿಲ್ಲ, ಮನೆಯದು ಬಂತು. "ಇಕಿಗಿ ಥಂಡಿ ಆಗದಂಗ ನೋಡ್ಕೋ ಅಪ್ಪಾ."

ಅವಳು ಆಮೆನ್ ಅಂದಳು. ತಮ್ಮನೂ ಅಂದ.

ಆ ತೊಗರಿ ರಾಶಿಯಾಗುವ ಮೊದಲೇ ಅವಳು ಹೋದಳು. ಸಮಾಧಾನವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸಂಜೆ ಒಬ್ಬನೇ ಕೂತು ಈಗಲೂ ಅವಳಿಗಾಗಿ ಅಷ್ಟನ್ನೇ ಕೇಳುತ್ತೇನೆ. ಆಮೆನ್ ನಾನೇ ಅನ್ನಬೇಕು.