ಹರಕೆ ಕೋಳಿಗೆ ರಾಗಿ ಗಂಜಿ

ನಮ್ಮ ಮನೆಯ ಕೋಳಿ ಅಷ್ಟು ವರ್ಷ ಬದುಕಿದ್ದಕ್ಕೆ ಒಂದೇ ಕಾರಣ, ನನ್ನ ದಡ್ಡತನ.

ಡಿಗ್ರಿಯ ಮೊದಲ ವರ್ಷ ನಾನು ಗಣಿತದಲ್ಲಿ ಫೇಲಾದಾಗ ಅಜ್ಜಿ ನಮ್ಮೂರ ಮಾರಮ್ಮನಿಗೆ ಹರಕೆ ಹೊತ್ತುಕೊಂಡಳು. ಮೊಮ್ಮಗ ಗಣಿತ ಪಾಸಾದರೆ ತಾಯಿಗೊಂದು ಕೋಳಿ. ಹರಕೆ ಎಂದ ಮೇಲೆ ಕೋಳಿಯನ್ನು ಮೊದಲೇ ಗೊತ್ತು ಮಾಡಿ ಬಿಡಬೇಕು. ಆಮೇಲೆ ಅದನ್ನು ಮಾರುವಂತಿಲ್ಲ, ಎಂಥ ನೆಂಟರು ಬಂದರೂ ಕೊಯ್ಯುವಂತಿಲ್ಲ. ಹಿತ್ತಲಲ್ಲಿ ಓಡಾಡುತ್ತಿದ್ದ ಕಂದು ಬಣ್ಣದ ಮರಿಯೊಂದನ್ನು ಹಿಡಿದು, ಅರಿಶಿನ ಹಚ್ಚಿ, "ಇದು ಅಮ್ಮಂದು" ಎಂದುಬಿಟ್ಟಳು. ಮುಂದಿನ ಪರೀಕ್ಷೆಗೆ ನಾನು ಪಾಸು, ಕೋಳಿ ಖಲಾಸು ಎಂದು ಮನೆಯವರೆಲ್ಲ ನಂಬಿದ್ದರು. ನನ್ನ ಪ್ರತಿಭೆಯ ಆಳ ಅವರಿಗೆ ತಿಳಿದಿರಲಿಲ್ಲ.

ಮತ್ತೆ ಫೇಲಾದೆ. ಆಮೇಲೂ ಫೇಲಾದೆ. ಮಿಕ್ಕ ವಿಷಯಗಳೆಲ್ಲ ಹೇಗೋ ದಡ ಸೇರಿದವು, ಗೆಳೆಯರು ಕೆಲಸಕ್ಕೆ ಸೇರಿದರು, ಅವರಲ್ಲೊಬ್ಬ ಮದುವೆಯನ್ನೂ ಆದ. ನಾನು ಮಾತ್ರ ಆ ಒಂದು ಪೇಪರಿನ ಜೊತೆ ಸಂಸಾರ ಮಾಡಿಕೊಂಡಿದ್ದೆ. ಅಷ್ಟರಲ್ಲಿ ಮರಿ ಹೇಂಟೆಯಾಯಿತು, ಮೊಟ್ಟೆಯಿಟ್ಟಿತು, ಮೊಟ್ಟೆಯಿಡುವುದನ್ನು ನಿಲ್ಲಿಸಿತು, ಮುದುಕಿಯಾಯಿತು. ರಿಸಲ್ಟ್ ಬಂದ ದಿನಗಳಲ್ಲಿ ಅದು ಕತ್ತು ಓರೆ ಮಾಡಿ ನನ್ನನ್ನು ನೋಡುತ್ತಿದ್ದ ರೀತಿಯಲ್ಲಿ ಕೃತಜ್ಞತೆ ಇತ್ತೆಂದು ಯಾವ ದೇವರ ಮುಂದೆ ಬೇಕಾದರೂ ಪ್ರಮಾಣ ಮಾಡುತ್ತೇನೆ. ಮಾರಮ್ಮನ ಮುಂದೆ ಬೇಡ.

ವೈಯಾಲಿಕಾವಲ್‌ನ ನಮ್ಮ ಬೀದಿಯಲ್ಲಿ ಕೋಳಿ ಸಾಕಿದ ಮನೆ ನಮ್ಮದೊಂದೇ. ಪಕ್ಕದ ಮನೆಯಲ್ಲಿ ರಿಟೈರಾದ ಗಣಿತದ ಟೀಚರ್ ಒಬ್ಬರಿದ್ದರು. ಮೊಟ್ಟೆ ಹಾಕಿದ ಬಿಸ್ಕತ್ತನ್ನೂ ಮುಟ್ಟದವರು. ಮೊದಮೊದಲು ಕಾಂಪೌಂಡಿನ ಆಚೆಯಿಂದ, "ರೀ, ನಿಮ್ಮ ಕೋಳಿ ನನ್ ತುಳಸಿ ಬುಡ ಕೆದಕಿ ಹೋಗಿದೆ" ಎಂದು ದಿನವೂ ಜಗಳ ಆಡುತ್ತಿದ್ದರು. ಆಮೇಲಾಮೇಲೆ ಅದೇ ಕಾಂಪೌಂಡಿನ ಮೇಲೆ ಅದಕ್ಕೆಂದೇ ಅನ್ನ ಇಡತೊಡಗಿದರು. ನನಗೆ ಸಂಜೆ ಹೊತ್ತು ಲೆಕ್ಕ ಹೇಳಿಕೊಡುತ್ತಿದ್ದವರೂ ಅವರೇ, ನಾನು ಮಿಸ್ ಎಂದು ಕರೆಯುತ್ತಿದ್ದೆ. ಕಾಲೇಜಿನವರು ಇದೇ ಕೊನೆಯ ಅವಕಾಶ ಎಂದ ಮೇಲೆ ಮಿಸ್ ನನ್ನನ್ನು ಹಿಡಿದು ಕೂರಿಸಿ, ಆ ವಯಸ್ಸಿನಲ್ಲಿ ಬರಬಾರದಷ್ಟು ಕೋಪ ಬರಿಸಿಕೊಂಡು, ಕಲಿಸಿದರು. ಪರೀಕ್ಷೆ ಬರೆದು ಬಂದೆ.

ರಿಸಲ್ಟಿಗೆ ಕಾಯುತ್ತಿದ್ದಾಗಲೇ ಕೋಳಿ ಮಲಗಿತು.

ಒಂದು ಬೆಳಿಗ್ಗೆ ಮೆಟ್ಟಿಲ ಕೆಳಗಿನ ಗೂಡಿನಿಂದ ಹೊರಗೇ ಬರಲಿಲ್ಲ. ಗರಿ ಕೆದರಿಕೊಂಡು, ಕಣ್ಣು ಅರ್ಧ ಮುಚ್ಚಿ ಕೂತಿತ್ತು. ಎತ್ತಿ ನಿಲ್ಲಿಸಿದರೆ ಕಾಲು ಮಡಚಿ ಕುಸಿಯುತ್ತಿತ್ತು. ಅಜ್ಜಿಯ ಮುಖ ಬಿಳಿಚಿಕೊಂಡಿತು.

"ಹರಕೆ ತೀರಿಸೋಕ್ ಮುಂಚೆ ಇದು ಹೋದ್ರೆ ನಿನ್ ತಲೆ ಮೇಲೆ ಬರುತ್ತೆ ಕಣೋ" ಅಂದಳು.

"ಇನ್ನೊಂದು ಕೋಳಿ ಕೊಟ್ರೆ ಆಗಲ್ವಾ ಅಜ್ಜಿ?"

"ಅಮ್ಮನ ಹತ್ರ ಎಕ್ಸ್‌ಚೇಂಜ್ ಆಫರ್ ಇಲ್ಲ. ಆಟೋ ಹಿಡ್ಕೊಂಡ್ ಬಾ, ಹೋಗು."

ಸೀರೆ ಅಂಗಡಿಯ ದೊಡ್ಡ ಕೈಚೀಲದಲ್ಲಿ ಕೋಳಿಯನ್ನು ಕೂರಿಸಿಕೊಂಡು ಆಟೋ ಹತ್ತಿದೆ. ಸ್ವಲ್ಪ ದೂರ ಹೋದ ಮೇಲೆ ಡ್ರೈವರ್ ಕನ್ನಡಿಯಲ್ಲಿ ನೋಡಿದ.

"ಏನ್ ಗುರು, ಬ್ಯಾಗ್ ನರಳ್ತಾ ಇದೆ?"

"ಕೋಳಿ ಅಣ್ಣ, ಹುಷಾರಿಲ್ಲ. ಆಸ್ಪತ್ರೆಗೆ."

"ಕೋಳಿಗೆ ಆಟೋ! ನಂಗ್ ಜ್ವರ ಬಂದ್ರೆ ನಮ್ಮನೇಲಿ ಬಸ್ಸಲ್ ಹೋಗು ಅಂತಾರೆ."

ಪಶು ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮ ಒಂದು ಬದಿಗೆ ಕರುವಿನಷ್ಟಿದ್ದ ನಾಯಿ, ಇನ್ನೊಂದು ಬದಿಗೆ ಅದಕ್ಕಿಂತ ದೊಡ್ಡ ನಾಯಿ. ನಾನು ಚೀಲವನ್ನು ಎದೆಗವುಚಿಕೊಂಡು ಕೂತೆ. ನಡುಗುತ್ತಿದ್ದದ್ದು ಕೋಳಿಯೆಂದು ನೋಡಿದವರು ಅಂದುಕೊಂಡಿದ್ದರೆ ಅವರಿಗೆ ನನ್ನ ವಂದನೆಗಳು. ಡಾಕ್ಟರಮ್ಮ ಕೋಳಿಯ ರೆಕ್ಕೆ ಎತ್ತಿ, ಹೊಟ್ಟೆ ಒತ್ತಿ, ಕಾಲು ಎಳೆದು ನೋಡಿದರು.

"ಮೊಟ್ಟೆ ಇಟ್ಟೂ ಇಟ್ಟೂ ಮೈಯಲ್ಲಿರೋ ಕ್ಯಾಲ್ಸಿಯಂ ಎಲ್ಲ ಹೋಗಿದೆ. ವಯಸ್ಸು ಬೇರೆ. ಬೆಚ್ಚಗಿಡಿ, ಮೆತ್ತಗಿರೋದು ತಿನ್ನಿಸಿ. ಟಾನಿಕ್ಕನ್ನ ಗಂಟಲಿಗೆ ಸುರೀಬೇಡಿ, ಕೊಕ್ಕಿನ ಪಕ್ಕಕ್ಕೆ ಹನಿಹನಿಯಾಗಿ ಬಿಡಿ."

"ಬದುಕುತ್ತಾ ಮೇಡಂ?"

"ತಿಂದ್ರೆ ಬದುಕುತ್ತೆ."

ಅಪ್ಪ ಅಮ್ಮ ಕೆಲಸಕ್ಕೆ ಹೋದರೆ ಮನೆಯಲ್ಲಿ ಉಳಿಯುತ್ತಿದ್ದದ್ದು ಅಜ್ಜಿ, ಕೋಳಿ, ನಾನು. ಮೂವರಲ್ಲಿ ದುಡಿಮೆ ಇಲ್ಲದೆ ಗಟ್ಟಿಮುಟ್ಟಾಗಿದ್ದವನು ನಾನೊಬ್ಬನೇ, ಆದ್ದರಿಂದ ಶುಶ್ರೂಷೆ ನನ್ನ ಪಾಲಿಗೆ ಬಂತು. ರಟ್ಟಿನ ಡಬ್ಬದಲ್ಲಿ ಹಳೆ ಪಂಚೆ ಹಾಸಿ, ಮೇಲೊಂದು ಬಲ್ಬು ನೇತುಹಾಕಿದೆ. ಸ್ವಲ್ಪ ಹೊತ್ತಿಗೆ ಕೋಳಿ ಬಾಯಿ ತೆರೆಯಿತು. ಸುಖವಾಗಿ ನಗುತ್ತಿದೆ ಎಂದುಕೊಂಡು ಫೋಟೋ ತೆಗೆಯುತ್ತಿದ್ದೆ. ಅಜ್ಜಿ ಬಂದು ಬಲ್ಬು ಆರಿಸಿದಳು.

"ಅಯ್ಯೋ ನಿನ್ನ! ಸೆಕೆಗೆ ಬಾಯಿ ಬಿಡ್ತಿದೆ. ಹರಕೆಗೆ ಮುಂಚೆ ನೀನೇ ಬೇಯಿಸ್ಬಿಡ್ತೀಯಲ್ಲೋ!"

ಆಮೇಲೆ ರಾಗಿ ಗಂಜಿ ಕಾಯಿಸಿದೆ. ಅದರಲ್ಲಿದ್ದ ಗಂಟುಗಳ ಗಾತ್ರ ಎಷ್ಟಿತ್ತೆಂದರೆ, ಕೋಳಿ ತನ್ನ ಹಳೆಯ ಮೊಟ್ಟೆಗಳೇ ಮರಳಿ ಬಂದವೆಂದು ಕಾವಿಗೆ ಕೂರಲು ನೋಡಿತು. ಟಾನಿಕ್ ಕುಡಿಸಹೋದರೆ ಕೊಕ್ಕಿಗೆ ಒಂದು ಹನಿ, ನನ್ನ ಅಂಗಿಗೆ ಉಳಿದದ್ದು. ಆ ವಾರ ನನ್ನ ಮೂಳೆಗಳು ಬಹಳ ಗಟ್ಟಿಯಾದವು.

ಕೊನೆಗೆ ಅಜ್ಜಿ ಬಾಗಿಲ ಬಳಿಯ ಬಿಸಿಲಲ್ಲಿ ಕಾಲು ಚಾಚಿ ಕೂತು, ತನ್ನ ಹಳೆ ಸೀರೆಯ ತುಂಡಿನಲ್ಲಿ ಕೋಳಿಯನ್ನು ಮಗುವಿನಂತೆ ಸುತ್ತಿ ಮಡಿಲಲ್ಲಿಟ್ಟುಕೊಂಡಳು. "ಹಿಂಗ್ ಹಿಡಿ, ರೆಕ್ಕೆ ಅದುಮ್ಕೊಂಡು. ಎದೆ ಒತ್ತಬೇಡ, ಉಸಿರಾಡೋದು ಅಲ್ಲಿಂದ" ಎಂದು ನನ್ನ ಕೈಗೆ ಕೊಟ್ಟಳು. ಅಷ್ಟು ವರ್ಷ ಅದರ ಹಿಂದೆ ಓಡಿದ್ದೆ, ಬೈದಿದ್ದೆ, ಸರಿಯಾಗಿ ಎತ್ತಿಕೊಂಡಿದ್ದು ಅದೇ ಮೊದಲು. ಗರಿಯ ಒಳಗೆ ಕೋಳಿ ಅನ್ನುವುದು ಇಷ್ಟೇ ಇಷ್ಟು. ಒಂದು ಹಿಡಿ ಬಿಸಿ, ಅದರೊಳಗೆ ಟಿಕಟಿಕ ಅನ್ನುವ ಗುಂಡಿಗೆ. ನನಗೆ ಜೋಕು ಮಾಡಲು ಏನೂ ತೋಚಲಿಲ್ಲ. ಅದು ಅಪರೂಪ.

ಮಿಸ್ ಕಾಂಪೌಂಡಿನ ಮೇಲಿಂದ ತಮ್ಮ ಬಿಸಿನೀರಿನ ಚೀಲ ಕೊಟ್ಟರು. ಮೆತ್ತಗೆ ಕಿವುಚಿದ ಅನ್ನ ತಂದು, "ತಿನ್ನಮ್ಮ, ಒಂದ್ ತುತ್ತು" ಎಂದು ಬೆರಳ ತುದಿಯಲ್ಲಿ ಹಿಡಿದರು. ಕೋಳಿ ಮುಖ ತಿರುಗಿಸಿತು.

"ಏನೇ ಆಗ್ಲಿ, ಇವನ ರಿಸಲ್ಟ್ ತನಕ ಉಳೀಬೇಕು ಟೀಚರಮ್ಮ" ಅಂದಳು ಅಜ್ಜಿ.

"ಯಾಕೆ, ರಿಸಲ್ಟಿಗೂ ಇದಕ್ಕೂ ಏನ್ ಸಂಬಂಧ?"

ಅಜ್ಜಿ ಹೇಳಿದಳು. ಇಷ್ಟು ವರ್ಷ ಯಾರೂ ಅವರಿಗೆ ಹರಕೆಯ ವಿಷಯ ಹೇಳಿರಲೇ ಇಲ್ಲ. ಮಿಸ್‌ನ ಬೆರಳ ಮೇಲಿದ್ದ ಅನ್ನ ಕೆಳಗೆ ಬಿತ್ತು.

"ಅಂದ್ರೆ ನಾನು ಲೆಕ್ಕ ಹೇಳ್ಕೊಟ್ಟಿದ್ದು ಇದನ್ನ... ಶಿವ ಶಿವಾ!" ನನ್ನ ಕಡೆ ತಿರುಗಿದರು. "ಏಯ್, ಎರಡನೇ ಪ್ರಶ್ನೆ ಸರಿಯಾಗ್ ಮಾಡ್ದೆ ಅಂದ್ಯಲ್ಲ, ಖಂಡಿತ ಸರಿನಾ? ಸರಿಯಾಗ್ ಯೋಚ್ನೆ ಮಾಡು."

"ತಪ್ಪಾಗಿದ್ರೂ ಆಗಿರ್ಬೋದು ಮಿಸ್."

"ದೇವರು ದೊಡ್ಡವನು" ಅಂದರು, ಜೀವಮಾನವಿಡೀ ಸರಿ ಉತ್ತರ ಬೇಡಿದವರು.

ಮಾರನೆಯ ದಿನವೂ ಕೋಳಿ ತಿನ್ನಲಿಲ್ಲ. ಅಜ್ಜಿ ಗಂಟಿಲ್ಲದ ಗಂಜಿ ಮಾಡಿ, ತಾನೊಂದು ಗುಟುಕು ಕುಡಿದು, ಅದಕ್ಕೊಂದು ಹನಿ ತೋರಿಸಿ ಕಾದಳು. ಬೇಸರವಿಲ್ಲದೆ ಕಾದಳು. "ನಂಗೂ ಕಾಲು ನೋವು, ನಿಂಗೂ ಕಾಲು ನೋವು. ಮೊದ್ಲು ಯಾರ್ ಏಳ್ತೀವೋ ನೋಡೋಣ ಬಾ" ಎಂದು ಅದರ ಕತ್ತು ಸವರುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಕೊಕ್ಕು ಆಡಿತು. ಆಮೇಲೆ ಲೋಟದೊಳಕ್ಕೇ ಇಳಿಯಿತು. ಅಜ್ಜಿ ಕೋಳಿಯ ಗಲ್ಲಕ್ಕೆ ಮೆತ್ತಿದ ಗಂಜಿಯನ್ನು ಸೆರಗಿನಲ್ಲಿ ಒರೆಸಿದಳು, ಚಿಕ್ಕವನಿದ್ದಾಗ ನನ್ನ ಮೂತಿ ಒರೆಸುತ್ತಿದ್ದ ಹಾಗೆ.

ಕೆಲವು ದಿನಗಳಲ್ಲಿ ಅದು ನಿಂತಿತು, ತೂರಾಡಿತು, ನಡೆಯಿತು. ನಡೆದು ಹೋದದ್ದು ಅಜ್ಜಿಯ ಮಡಿಲಿಗೆ. ಅಷ್ಟು ಅಂಗಿ ಹಾಳುಮಾಡಿಕೊಂಡವನ ಕಡೆ ತಿರುಗಿಯೂ ನೋಡಲಿಲ್ಲ.

ಅದು ಚೇತರಿಸಿಕೊಂಡ ವಾರದಲ್ಲೇ ರಿಸಲ್ಟ್ ಬಂತು. ಪಾಸು. ಫೋನ್ ಹಿಡಿದುಕೊಂಡು ಅಳುಮುಖ ಮಾಡಿ ಕೂತ ನನ್ನನ್ನು ನೋಡಿ, ಮನೆಯವರು ಮತ್ತೆ ಫೇಲೆಂದೇ ತಿಳಿದು ಬೈಯಲು ಶುರುಮಾಡಿದ್ದರು.

"ಅಜ್ಜಿ, ಕೋಳಿ ಬೇಡ. ಪ್ಲೀಸ್" ಅಂದೆ.

"ನನ್ ಕೈಲಿಲ್ಲ ಕಣೋ. ಕೊಟ್ಟ ಮಾತು. ನಿಂಗೇನಾದ್ರೂ ಆದ್ರೆ?" ಕೋಳಿಯನ್ನು ಮಡಿಲಿಗೆ ಎಳೆದುಕೊಂಡು, "ಬೆಳಿಗ್ಗೆ ಮಾರಮ್ಮನ್ನೇ ಕೇಳ್ತೀನಿ" ಅಂದಳು.

ಕೇಳುವುದು ಹೇಗೆಂದರೆ, ಕೋಳಿಯ ಮೇಲೆ ತೀರ್ಥ ಚಿಮುಕಿಸಬೇಕು. ಮೈ ಒದರಿಕೊಂಡರೆ ಅಮ್ಮ ಒಪ್ಪಿದಳು ಎಂದರ್ಥ. ಒದರದಿದ್ದರೆ ಅವಳಿಗೆ ಬೇಡ, ಆ ಕೋಳಿಯನ್ನು ಯಾರೂ ಮುಟ್ಟಬಾರದು. ಮೈ ಮೇಲೆ ತಣ್ಣೀರು ಬಿದ್ದು ಒದರಿಕೊಳ್ಳದ ಕೋಳಿ ನನಗೆ ತಿಳಿದಂತೆ ಭೂಮಿಯ ಮೇಲಿಲ್ಲ. ಇಂಥ ಸುಲಭದ ಪೇಪರ್ ನನಗೆ ಒಂದು ಸಲವೂ ಬಂದಿರಲಿಲ್ಲ.

ಬೆಳಿಗ್ಗೆ ಅಜ್ಜಿ ತಲೆಗೆ ಸ್ನಾನ ಮಾಡಿ, ಮಾರಮ್ಮನ ಪಟದ ಮುಂದೆ ದೀಪ ಹಚ್ಚಿ, ಅರಿಶಿನದ ನೀರಿನ ಚೊಂಬು ಹಿಡಿದು ಹಿತ್ತಲಿಗೆ ಬಂದಳು. ಕೋಳಿ ಅವಳ ಮುಂದೆ ಕೂತಿತು. ಆಚೆ ಕಡೆ ಮಿಸ್ ತುಳಸಿಗೆ ನೀರು ಹಾಕುವವರಂತೆ ನಿಂತಿದ್ದರು. ಕೈಯಲ್ಲಿ ನೀರಿರಲಿಲ್ಲ.

ಅಜ್ಜಿ ಚೊಂಬಿನಲ್ಲಿ ಬೆರಳದ್ದಿದಳು. ಕಣ್ಣು ಮುಚ್ಚಿ ಏನೋ ಗೊಣಗಿದಳು. ಆಮೇಲೆ ಕೈ ಹೊರತೆಗೆದು, ಸೆರಗಿನ ತುದಿಗೆ ಹಿಂದೆ ಮುಂದೆ ಚೆನ್ನಾಗಿ ಒರೆಸಿಕೊಂಡಳು. ಒಣಗಿದ ಬೆರಳುಗಳನ್ನು ಕೋಳಿಯ ಮೇಲೆ ಚಿಮುಕಿಸಿದಳು. ಕೋಳಿ ಗಂಜಿ ಬಂತೇನೋ ಎಂದು ಕೈ ನೋಡಿತು.

"ನೋಡ್ದ್ಯಾ?" ಅಂದಳು ಅಜ್ಜಿ, ನನ್ನ ಕಡೆ ನೋಡದೆ.

"ನೋಡ್ದೆ ಅಜ್ಜಿ."

"ಒದರ್ಲಿಲ್ಲ."

"ಇಲ್ವೇ ಇಲ್ಲ."

"ಟೀಚರಮ್ಮ, ನೀವೂ ನೋಡಿದ್ರಲ್ಲ?"

"ನೋಡ್ದೆ ಕಣ್ರೀ. ಒಂದು ಗರಿನೂ ಅಲ್ಲಾಡ್ಲಿಲ್ಲ."

"ಅಮ್ಮಂಗೆ ಬೇಡ್ವಂತೆ. ಸೀರೆ, ಮಡಿಲಕ್ಕಿ ಕೊಟ್ಟು ಬರ್ತೀನಿ." ಚೊಂಬನ್ನು ಕೆಳಗಿಟ್ಟಳು. ನನ್ನನ್ನು ಹತ್ತಿರ ಕರೆದು ತಲೆಯ ಮೇಲೆ ಅಂಗೈ ಇಟ್ಟು, ನನಗೆ ಕೇಳಿಸಬಾರದೆಂಬಂತೆ, "ಇವನನ್ನ ಬಿಟ್ಬಿಡು ತಾಯಿ, ಏನಿದ್ರೂ ನನ್ ಮೇಲಿರ್ಲಿ" ಅಂದಳು.

ಆಗ ಕೋಳಿ ಎದ್ದು ನಿಂತಿತು. ಕತ್ತಿನಿಂದ ಬಾಲದವರೆಗೆ ಗರಿಯೆಲ್ಲ ಉಬ್ಬಿಸಿ, ಇಡೀ ವೈಯಾಲಿಕಾವಲ್‌ಗೆ ಧೂಳೆಬ್ಬಿಸುವ ಹಾಗೆ ಮೈ ಒದರಿಕೊಂಡಿತು.

ಅಜ್ಜಿಯ ಅಂಗೈ ನನ್ನ ತಲೆಯನ್ನು ಒತ್ತಿ ಹಿಡಿಯಿತು.

"ನೊಣ" ಅಂದರು ಮಿಸ್, ಕಾಂಪೌಂಡಿನ ಆಚೆಯಿಂದ.

"ಹೂಂ, ನೊಣ" ಅಂದಳು ಅಜ್ಜಿ.