ಎರಡು ತುಂಡಾಗುವ ರೈಲು

ಹೊಸದುರ್ಗ, ಹೊಳಲ್ಕೆರೆಯ ಬಸ್ಸುಗಳಲ್ಲಿ ಓಡಾಡಿ ಬೆಳೆದವಳು ನಾನು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಈ ಜಂಬವೇ ಆಸ್ಟ್ರಿಯಾದ ಲಿಂಜ್ ಸ್ಟೇಷನ್ನಿನಲ್ಲಿ ನನ್ನ ಕುತ್ತಿಗೆಗೆ ಬಂತು.

ಕುರಿ ಸಾಕಿ, ಉಣ್ಣೆ ನೂತು ಬದುಕಿದವಳು ನಮ್ಮವ್ವ. ಆ ನೂಲುವ ಕೆಲಸ ತೋರಿಸಲು ಅವಳನ್ನು ಯುರೋಪಿನ ಎರಡು ಮೇಳಗಳಿಗೆ ಕರೆಸಿದ್ದರು. ಕನ್ನಡ ಬಿಟ್ಟು ಅವಳಿಗೆ ಬೇರೇನೂ ಬಾರದು. ಹೈಸ್ಕೂಲ್ ಟೀಚರಾದ ನಾನು ಜೊತೆಗೆ ಹೋಗಿದ್ದೆ. ಲಿಂಜ್ ಮುಗಿಸಿ ಮ್ಯೂನಿಕ್‌ಗೆ ಹೊರಟಿದ್ದೆವು.

ರೈಲು ಬಂದದ್ದೇ ತಡ, "ಅವ್ವ, ನೀನು ಹಿಂದೆ ಬಾ, ನಾನು ಸೀಟು ಹಿಡೀತೀನಿ" ಎಂದು ಮುಂದಕ್ಕೆ ಓಡಿ ಹತ್ತಿ, ಎರಡು ಸೀಟಿನ ಮೇಲೆ ಶಾಲು ಹಾಕಿದೆ. ಅವ್ವ ತನ್ನ ಮುಂದೆ ಸಿಕ್ಕ ಬಾಗಿಲಲ್ಲಿ ಹತ್ತಿದ್ದು ಕಂಡಿತು. ಬಾಗಿಲುಗಳು ತಾವೇ ಮುಚ್ಚಿಕೊಂಡವು. ಒಳಗಿಂದಲೇ ನಡೆದು ಬರ್ತಾಳೆ ಎಂದು ಆರಾಮಾಗಿ ಕೂತೆ.

ಬರಲಿಲ್ಲ. ಹುಡುಕುತ್ತಾ ಹೋದರೆ ನಮ್ಮ ಡಬ್ಬಿಗಳು ಒಂದು ಗೋಡೆಗೆ ಮುಗಿದವು. ಪಕ್ಕದಲ್ಲಿದ್ದ ಹೆಂಗಸನ್ನು ಕೇಳಿದೆ. ಇವು ಕೂಡಿಸಿದ ಎರಡು ರೈಲುಗಳಂತೆ, ನಡುವೆ ದಾರಿ ಇಲ್ಲವಂತೆ. ಮುಂದಿನ ನಿಲ್ದಾಣ ಸಾಲ್ಜ್‌ಬರ್ಗ್‌ನಲ್ಲಿ ಬೇರೆ ಮಾಡುತ್ತಾರಂತೆ. ಹಿಂದಿನದು ಮ್ಯೂನಿಕ್‌ಗೆ, ನಾನು ಸೀಟು ಹಿಡಿದದ್ದು ಜ್ಯೂರಿಕ್‌ಗೆ! ಟಿಕೆಟ್ ನೋಡುವವನೂ ಹಿಂದಿನ ಅರ್ಧದಲ್ಲೇ ಇದ್ದನಂತೆ.

ಥೂ, ನನ್ನ ಬುದ್ಧಿಗೆ ಬೆಂಕಿ ಬೀಳ! ಅವ್ವನ ಪಾಸ್‌ಪೋರ್ಟ್, ಟಿಕೆಟ್, ಫೋನು ಎಲ್ಲಾ ನನ್ನ ಬ್ಯಾಗಿನಲ್ಲೇ ಇದ್ದವು. ಅವಳ ಹತ್ತಿರ ಉಣ್ಣೆಯ ಗಂಟು ಮಾತ್ರ. ಸಾಲ್ಜ್‌ಬರ್ಗ್‌ಗೆ ಇನ್ನೂ ಒಂದು ತಾಸು. ಬೋನಿಗೆ ಬಿದ್ದ ಇಲಿಯ ಹಾಗೆ ಆ ಗೋಡೆಗೂ ಬಾಗಿಲಿಗೂ ಓಡಾಡಿದೆ. ನಿಲ್ಲಿಸಿ ಎಂದು ಯಾರಿಗೆ ಹೇಳಲಿ? ಕಿಟಕಿ ಕೂಡ ತೆಗೆಯಲು ಬಾರದ್ದು. ಅವ್ವ ಗಾಬರಿಯಾಗಿ ಇಳಿದು ನನ್ನನ್ನು ಹುಡುಕಹೊರಟರೆ, ಅಷ್ಟರಲ್ಲಿ ಎರಡು ರೈಲೂ ಹೊರಟುಬಿಟ್ಟರೆ, ಆ ಊರಿನಲ್ಲಿ ಅವಳನ್ನು ಎಲ್ಲಿ ಹುಡುಕಲಿ? ಎದುರು ಸೀಟಿನವರು ನೀರು ಕೊಟ್ಟರು, ಕುಡಿಯಲಾಗಲಿಲ್ಲ. ಉಳಿದ ಹೊತ್ತೆಲ್ಲಾ ಬಾಗಿಲಿಗೆ ಹಣೆ ಒತ್ತಿಕೊಂಡೇ ನಿಂತೆ.

ಸಾಲ್ಜ್‌ಬರ್ಗ್‌ನಲ್ಲಿ ಬಾಗಿಲು ತೆರೆದದ್ದೇ ಹಿಂದಕ್ಕೆ ಓಡಿದೆ. ಪ್ಲಾಟ್‌ಫಾರಂ ಮೇಲೆ ರೈಲ್ವೆ ಸಮವಸ್ತ್ರದ ಗಂಡಸೊಬ್ಬ ಕೈ ಬೀಸುತ್ತಾ ನನ್ನನ್ನು ಹೆಸರು ಹಿಡಿದು ಕೂಗಿದ. ಟಿಕೆಟ್ಟಿನಲ್ಲಿರುವ ಹೆಸರಲ್ಲ, ನಮ್ಮ ಮನೆಯಲ್ಲಿ ಮಾತ್ರ ಕರೆಯುವ ಹೆಸರು. ಅವನು ತೋರಿಸಿದ ಡಬ್ಬಿ ಹತ್ತಿದರೆ ಗುರುತಿಲ್ಲದ ಮುದುಕಿಯೊಬ್ಬಳು ಅದೇ ಹೆಸರನ್ನು ಕಷ್ಟಪಟ್ಟು ಹೇಳುತ್ತಾ ಅವ್ವನ ಕಡೆ ಕೈ ತೋರಿಸಿದಳು.

ಅವ್ವನ ದನಿ ಒಡೆದು ಗೊಗ್ಗರಾಗಿತ್ತು. ನನ್ನ ರಟ್ಟೆ ಗಟ್ಟಿಯಾಗಿ ಹಿಡಿದುಕೊಂಡಳು.

"ಎಲ್ರ ಹತ್ರನೂ ಹೋಗಿ ಕೂಗಿ ಕೂಗಿ ಕೇಳ್ದೆ ಕಣೇ. ನಿನ್ ಹೆಸ್ರು ಬಿಟ್ರೆ ನಂಗೆ ಬ್ಯಾರೆ ಏನ್ ಹೇಳಾಕೆ ಬರ್ತಿತ್ತು?"