ಮೂರು ಸಲ ಮೆಟ್ಟಿಲು ಹತ್ತಿದ ದೆವ್ವ

ವಾಡಿಯಲ್ಲಿ ಗಾಡಿ ಬದಲಿಸಲು ಎರಡು ತಾಸು ಕಾಯಬೇಕಿತ್ತು. ಸ್ಟೇಶನ್ ಹಿಂದಿನ ಸಭಾಂಗಣದಲ್ಲಿ ಹಳೆಯ ಮೂಕಿ ದೆವ್ವದ ಸಿನಿಮಾ ಇದೆಯೆಂದು ಕೇಳಿ ಹೋಗಿ ಕುಳಿತೆ. ಹೊರಗೆ ಮಟಮಟ ಮಧ್ಯಾಹ್ನ. ಕಿಟಕಿ ಬಾಗಿಲಿಗೆಲ್ಲ ಸಿಮೆಂಟಿನ ಖಾಲಿ ಚೀಲ ಕಟ್ಟಿ ಒಳಗೆ ಕತ್ತಲೆ ಮಾಡಿದ್ದರು. ಪರದೆಯ ಪಕ್ಕ ಹಾರ್ಮೋನಿಯಂ, ತಬಲಾ, ಜೊತೆಗೆ ದೆವ್ವದ ಪರವಾಗಿ ಶಾಯರಿ ಹೇಳಲು ನಿವೃತ್ತ ಟಿಕೆಟ್ ಕಲೆಕ್ಟರ್ ಖಾದರ್ ಸಾಬರು.

"ಬಿಸಲು ಬಿದ್ರ ಇಂವ ಸಾಯ್ತಾನ, ನೆನಪಿಡ್ರಿ," ಎಂದು ಅವರು ದೆವ್ವದ ಬಗ್ಗೆ ಮೊದಲೇ ತಿಳಿಸಿದರು.

ದೆವ್ವ ಉದ್ದ ಉಗುರಿನ ಕೈ ಚಾಚಿ ಮೆಟ್ಟಿಲು ಹತ್ತಿತು. ಸಾಬರು ಉರ್ದುವಿನಲ್ಲಿ ಮೆಲ್ಲಗೆ ಹೇಳಿದ್ದು ಇಷ್ಟು: ನೂರು ವರ್ಷದಿಂದ ಬಾಗಿಲು ಬಡಿಯುತ್ತಿದ್ದೇನೆ, ಯಾರು ಎಂದು ಎಲ್ಲರೂ ಕೇಳಿದರು, ಹೇಗಿದ್ದೀ ಎಂದು ಒಬ್ಬರೂ ಕೇಳಲಿಲ್ಲ.

"ವಾಹ್! ಮುಕರ್ರರ್!" ಎಂದು ಸಭೆಯೆಲ್ಲ ಕೂಗಿತು. ಮನಸ್ಸಿಗೆ ಹಿಡಿಸಿದ ಶಾಯರಿಯನ್ನು ಮತ್ತೊಮ್ಮೆ ಹೇಳಿಸದೆ ಇಲ್ಲಿಯವರು ಬಿಡುವುದಿಲ್ಲ. ಆದರೆ ದೆವ್ವ ಆಗಲೇ ಮೇಲೆ ಹೋಗಿಬಿಟ್ಟಿತ್ತು.

"ಶರಣಪ್ಪಾ, ಅವನಿಗಿ ಕೆಳಗ ಇಳಸಪಾ!" ಎಂದರು ಸಾಬರು.

ಪ್ರೊಜೆಕ್ಟರ್ ನಡೆಸುತ್ತಿದ್ದ ಶರಣಪ್ಪ ರೀಲು ಹಿಂದಕ್ಕೆ ಓಡಿಸಿದ. ದೆವ್ವ ಹಿಮ್ಮುಖವಾಗಿ ಇಳಿದು ಮತ್ತೆ ಹತ್ತಿತು. ಮತ್ತೆ ಮುಕರ್ರರ್. ಮೂರನೆಯ ಸಲಕ್ಕೆ ನನ್ನ ಪಕ್ಕದ ಅಜ್ಜಿ, "ಪಾಪ, ಭಾಳ ದಣದಾನ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ನನ್ನ ಗಾಡಿ ಸಿಳ್ಳೆ ಹಾಕಿತು. ನನ್ನ ಸಾಮಾನು ಎತ್ತಿಕೊಂಡು ಹೋಗಿ ಬಾಗಿಲಿಗೆ ಕಟ್ಟಿದ್ದ ಸಿಮೆಂಟು ಚೀಲ ಸರಿಸಲು ಕೈಯಿಟ್ಟೆ.

"ಏ ಯಪ್ಪಾ, ಬಿಸಲು ಬೀಳ್ತದ!" ಅಜ್ಜಿ ಚೀರಿದಳು. "ಅಂವ ಸಾಯ್ತಾನ! ಕುಂದ್ರಿ!"

ಬಂದು ಕುಳಿತೆ. ಗಾಡಿ ಹೋಯಿತು.